ಗಾದಿಯ ಮೇಲಿನ ವಿಭೂತಿ

ಗುರುಗಳ ಕಥೆ ಅಂದರೆ ಕಾಡಿರಬೇಕು, ಕುಟೀರ ಇರಬೇಕು, ಬಾಗಿಲಲ್ಲಿ ಜಿಂಕೆ ನಿಂತಿರಬೇಕು ಅನ್ನುವವರು ಇಲ್ಲಿಂದಲೇ ಎದ್ದು ಹೋಗಬಹುದು. ಅರಸಯ್ಯನವರ ಆಶ್ರಮ ಬಾಡಿಗೆ ಮನೆ. ಹೊಳೆ ದಂಡೆಯಲ್ಲಿ ತುಳಸಮ್ಮ ಅನ್ನುವವರ ಮನೆಗೆ ಅಂಟಿಕೊಂಡ ಎರಡು ಕೋಣೆ. ಮುಂದಿನದರಲ್ಲಿ ಗುರುಗಳು, ಅವರ ಶಿಷ್ಯ ಮಾದೇಶ. ಹಿಂದಿನದರಲ್ಲಿ ಒಂದು ಗಾದಿ.

ಅದು ಅರಸಯ್ಯನವರ ಗುರು ದೊಡ್ಡಯ್ಯನವರು ಕೂರುತ್ತಿದ್ದ ಗಾದಿ. ಬೂರುಗದ ಹತ್ತಿ ತುಂಬಿದ್ದು. ದೊಡ್ಡಯ್ಯನವರು ಹೋದ ಮೇಲೆ ಅದರ ಮೇಲೆ ಯಾರೂ ಕೂತಿಲ್ಲ. ಅರಸಯ್ಯನವರೂ ಚಾಪೆಯಲ್ಲೇ ಇದ್ದುಬಿಟ್ಟರು.

ಮಾದೇಶನಿಗೆ ಆ ಗಾದಿ ಅಂದರೆ ಪ್ರಾಣ. ದೊಡ್ಡಯ್ಯನವರನ್ನು ಅವನು ಕಣ್ಣಾರೆ ಕಂಡವನಲ್ಲ. ಅವನು ಕಂಡದ್ದೆಲ್ಲ ಗಾದಿಯನ್ನೇ. ಬೆಳಗ್ಗೆ ಎದ್ದು ಅದಕ್ಕೆ ತೀರ್ಥ ಚಿಮುಕಿಸುತ್ತಿದ್ದ, ಒದ್ದೆ ಹೂವು ಏರಿಸುತ್ತಿದ್ದ, ಧೂಪ ಹಾಕಿ ಬಾಗಿಲು ಎಳೆದುಕೊಳ್ಳುತ್ತಿದ್ದ. ಕಿಟಕಿಯನ್ನಂತೂ ತೆಗೆಯುತ್ತಲೇ ಇರಲಿಲ್ಲ. ಅದರ ಆಚೆಗೆ ಬಟ್ಟೆ ಒಗೆಯುವ ಕಲ್ಲು. ಒಗೆಯುವವರು ಆಡುವ ಊರ ಉಸಾಬರಿಯೆಲ್ಲ ಗಾದಿಯ ಮೇಲೆ ಬೀಳಬಾರದಲ್ಲ, ಅದಕ್ಕೆ.

ಹೀಗೆ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಗುರುಗಳಿಗೆ ಕೆಮ್ಮು ಶುರುವಾಯಿತು.

ಅರಸಯ್ಯನವರು ಬೆಳಗಿನ ಹೊತ್ತು ಒಂದು ಪದ ಹಾಡುತ್ತಿದ್ದರು. ಅದನ್ನು ಕೇಳಿಯೇ ಮಾದೇಶ ಮನೆಮಠ ಬಿಟ್ಟು ಬಂದು ಶಿಷ್ಯನಾದದ್ದು. ಈಗ ಪಲ್ಲವಿ ಮುಗಿಯುವಷ್ಟರಲ್ಲಿ ಕೆಮ್ಮು. ಸ್ವಲ್ಪ ದಿನ ಕಳೆದ ಮೇಲೆ ಪಲ್ಲವಿ ಎತ್ತುವುದಕ್ಕೂ ಬಿಡದ ಕೆಮ್ಮು. ಕಷಾಯ ಆಯಿತು, ಡಾಕ್ಟರ ಔಷಧಿ ಆಯಿತು. ಹೊಳೆ ಕಡೆ ಹೋದಾಗ ಸುಮ್ಮನಿರುತ್ತಿದ್ದ ಕೆಮ್ಮು ಹೊಸ್ತಿಲು ದಾಟಿ ಒಳಗೆ ಬಂದ ಕೂಡಲೇ ಹಾಜರ್.

ಆ ಹಾಡನ್ನು ಇನ್ನು ಕೇಳುವುದೇ ಇಲ್ಲವೇನೋ ಅಂತ ಮಾದೇಶನಿಗೆ ಭಯ ಹತ್ತಿತು. ಊಟ ಸೇರಲಿಲ್ಲ.

"ಬುದ್ಧಿ, ನೀವು ಇವತ್ತಿಂದ ಗಾದಿ ಪಕ್ಕದಲ್ಲೇ ಮಲಗಿ. ದೊಡ್ಡಯ್ಯನವರು ನೋಡ್ಕೋತಾರೆ," ಅಂದ.

"ನೋಡ್ಕೊಳ್ಳೋರು ಇದ್ದಾರೆ ಅಂದಮೇಲೆ ನಂದೇನಪ್ಪ," ಅಂತ ಅರಸಯ್ಯನವರು ಚಾಪೆ ಸುತ್ತಿಕೊಂಡು ಹಿಂದಿನ ಕೋಣೆಗೆ ಹೊರಟರು.

ಮಾದೇಶ ಗಾದಿಗೆ ತೀರ್ಥ ಹೆಚ್ಚಿಸಿದ. ಕೆಮ್ಮೂ ಹೆಚ್ಚಾಯಿತು.

ಒಂದು ಬೆಳಗ್ಗೆ ಬಾಡಿದ ಹೂವು ತೆಗೆಯುವಾಗ ಅವನ ಕೈ ನಿಂತಿತು. ಗಾದಿಯ ಗೋಡೆ ಕಡೆಯ ಮಗ್ಗುಲಿನ ತುಂಬ ಬೆಳ್ಳಗೆ ಪುಡಿ. ಅವನಿಗೆ ಕಣ್ಣು ತುಂಬಿ ಬಂತು. ಬೆರಳಲ್ಲಿ ತೆಗೆದು ಹಣೆಗೆ ಮೂರು ಗೆರೆ ಎಳೆದುಕೊಂಡ.

"ಬುದ್ಧಿ, ಏಳಿ. ದೊಡ್ಡಯ್ಯನವರು ವಿಭೂತಿ ಕೊಟ್ಟಿದ್ದಾರೆ."

ಅರಸಯ್ಯನವರು ಎದ್ದು ಕೂತು ಒಂದಿಷ್ಟು ಕೆಮ್ಮಿ, ಗಾದಿಯ ಹತ್ತಿರ ಮುಖ ಒಯ್ದು ನೋಡಿದರು.

"ವಿಭೂತಿಲಿ ಹಸಿರು ಚುಕ್ಕೆ ಯಾಕಪ್ಪ ಇದೆ?"

"ಬಿಲ್ವಪತ್ರೆ ಬಣ್ಣ ಇರಬೇಕು ಬುದ್ಧಿ."

"ಓಹೋ. ಡಬ್ಬಿಲಿ ಒಂದು ರೊಟ್ಟಿ ಮಿಕ್ಕಿತ್ತಲ್ಲ, ಮರೆತುಬಿಟ್ಟಿದ್ವಿ. ಅದನ್ನ ತಗೊಂಡು ಬಾ."

ಮಾದೇಶ ತಂದ. ರೊಟ್ಟಿಯ ಮೇಲೂ ಬೆಳ್ಳನೆ ಪುಡಿ, ಅಲ್ಲಲ್ಲಿ ಹಸಿರು ಚುಕ್ಕೆ.

ಅರಸಯ್ಯನವರು ಆ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತಲೆ ಬಾಗಿಸಿದರು.

"ದೊಡ್ಡಯ್ಯನವರು ಇಲ್ಲಿಗೂ ದಯಮಾಡಿಸಿದ್ದಾರೆ. ತಗೋ, ಪ್ರಸಾದ."

ಮಾದೇಶ ರೊಟ್ಟಿ ನೋಡಿದ. ಗಾದಿ ನೋಡಿದ. ಮತ್ತೆ ರೊಟ್ಟಿ ನೋಡಿದ. ಹೆಗಲ ಮೇಲಿನ ವಸ್ತ್ರದಿಂದ ಮೆಲ್ಲಗೆ ಹಣೆ ಒರೆಸಿಕೊಂಡ.

"ಬೂಷ್ಟಾ ಬುದ್ಧಿ?"

"ಬೂಷ್ಟೇ ಕಣಪ್ಪ."

ಗುರುಗಳು ನಗುವುದಕ್ಕೆ ಹೋಗಿ ಕೆಮ್ಮಿದರು, ಕೆಮ್ಮುವುದಕ್ಕೆ ಹೋಗಿ ನಕ್ಕರು. ಮಾದೇಶನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ.

"ಮುಖ ತೊಳ್ಕೋ ಹೋಗು, ಪವಾಡಪುರುಷ," ಅಂದರು ಅರಸಯ್ಯನವರು.

ಗಾದಿಯನ್ನು ಸರಿಸಿ ನೋಡಿದರೆ ಗೋಡೆಯೇ ಕಪ್ಪಗಾಗಿತ್ತು. ಆ ಗೋಡೆಯ ಆಚೆಗೆ ತುಳಸಮ್ಮನವರ ಬಚ್ಚಲು. ದಿಂಬು, ಕಂಬಳಿ, ಪೆಟ್ಟಿಗೆಯ ಬೆನ್ನು, ತಂಬೂರಿಯ ಚೀಲ, ಎಲ್ಲದರ ಮೇಲೂ ಅದೇ ವಿಭೂತಿ.

ಮಾದೇಶನ ನಗು ಸಿಟ್ಟಾಯಿತು. ಸೀದಾ ತುಳಸಮ್ಮನವರ ಬಾಗಿಲಿಗೆ ಹೋದ.

"ನಿಮ್ಮ ಬಚ್ಚಲು ಸೋರಿ ನಮ್ಮ ಗೋಡೆ ಹಾಳಾಗಿದೆ ಅಮ್ಮ. ಗುರುಗಳ ಕೆಮ್ಮಿಗೆ ನೀವೇ ಕಾರಣ."

ತುಳಸಮ್ಮ ಬಂದು ನೋಡಿದರು. ಅವರೇನು ಬಿಟ್ಟುಕೊಡುವ ಹೆಂಗಸಲ್ಲ.

"ಕಿಟಕಿ ಬಿಗಿದುಕೊಂಡು ದಿನಾ ನೀರು ಚೆಲ್ಲಿದರೆ ಬೂಷ್ಟು ಬರದೆ ಮಲ್ಲಿಗೆ ಬಿಡುತ್ತಾ? ಬಾಡಿಗೆಗೆ ಕೊಟ್ಟದ್ದು ಮನೆ ಕಣಯ್ಯ, ಉಪ್ಪಿನಕಾಯಿ ಜಾಡಿ ಅಲ್ಲ."

"ಸೋರಿದ್ದು ನಿಮ್ಮ ನೀರು."

"ಚೆಲ್ಲಿದ್ದು ನಿನ್ನ ತೀರ್ಥ."

ಇಬ್ಬರೂ ನ್ಯಾಯಕ್ಕೆ ಗುರುಗಳ ಕಡೆ ತಿರುಗಿದರು. ಅರಸಯ್ಯನವರು ಗೋಡೆಗೆ ಅಂಗೈ ಒತ್ತಿ, ಒದ್ದೆಯಾದ ಕೈಯನ್ನು ಇಬ್ಬರಿಗೂ ತೋರಿಸಿದರು.

"ಇದರಲ್ಲಿ ಅಮ್ಮನ ನೀರು ಯಾವುದು, ನಿನ್ನ ತೀರ್ಥ ಯಾವುದು ಅಂತ ಬೇರೆ ಮಾಡಿ ಕೊಡಿ. ನ್ಯಾಯ ಹೇಳ್ತೀನಿ."

ತುಳಸಮ್ಮನಿಗೆ ಮೊದಲು ನಗು ಬಂತು. "ಗಾರೆಯವನನ್ನ ಕರೆಸ್ತೀನಿ ಸ್ವಾಮಿಯೋರೆ. ಬಚ್ಚಲು ಸರಿ ಮಾಡಿಸಿ, ಗೋಡೆ ಕೆರೆಸಿ, ಒಣಗಿದ ಮೇಲೆ ಸುಣ್ಣ ಹೊಡೆಸ್ತೀನಿ. ಅಲ್ಲಿತನಕ ಹೊಳೆ ಮಂಟಪದಲ್ಲಿರಿ."

ಮಾದೇಶ ಕಿಟಕಿ ತೆಗೆಯಲು ಹೋದ. ಎಷ್ಟು ಕಾಲದಿಂದ ಮುಚ್ಚಿತ್ತೋ, ಹೆಗಲು ಕೊಟ್ಟು ನೂಕಬೇಕಾಯಿತು.

ಆಶ್ರಮ ಅನ್ನುವುದು ಮಂಟಪಕ್ಕೆ ಬಂತು. ಬಿಸಿಲು ಚೆನ್ನಾಗಿತ್ತು. ಕೋಣೆಯಲ್ಲಿದ್ದದ್ದನ್ನೆಲ್ಲ ಮಾದೇಶ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಂದು ಮೆಟ್ಟಿಲ ಮೇಲೆ ಹರವಿದ. ಒಗೆಯಲು ಬಂದವರು ನಿಂತು ನೋಡಿದರು.

"ಏನ್ ಬುದ್ಧಿ, ಸಂಸಾರ ಬೀದಿಗೆ ಬಂತಾ?" ಅಂತ ಒಬ್ಬಾಕೆ ಕೇಳಿದಳು.

"ಇಷ್ಟು ದಿನ ಇದೆ ಅಂತಲೇ ಗೊತ್ತಿರಲಿಲ್ಲ ಕಣವ್ವ," ಅಂತ ಅರಸಯ್ಯನವರು ಬಿಂದಿಗೆಗೂ ಕಂಬಳಿಗೂ ನಡುವೆ ಜಾಗ ಮಾಡಿಕೊಂಡು ಕೂತರು. "ಮಾದೇಶ, ಮಧ್ಯಾಹ್ನ ನನ್ನನ್ನೂ ಒಂದು ಸಲ ಮಗುಚಿ ಹಾಕು. ಬೆನ್ನೂ ಕಾಯಲಿ."

ಯಾವುದನ್ನು ಉಳಿಸಬೇಕು, ಯಾವುದನ್ನು ಬಿಸಾಡಬೇಕು? ಮಾದೇಶನಿಗೆ ಎಲ್ಲವೂ ಬೇಕು.

"ಹೇಗೆ ತೀರ್ಮಾನ ಮಾಡೋದು ಬುದ್ಧಿ?"

"ಒಂದೊಂದರ ಮೇಲೂ ಒಂದು ಉದ್ಧರಣೆ ನೀರು ಬಿಡು."

ಮಾದೇಶ ತಾಮ್ರದ ಬಿಂದಿಗೆಯ ಮೇಲೆ ಬಿಟ್ಟ. ನೀರು ಜಾರಿ ಹೋಯಿತು.

"ಕುಡೀಲಿಲ್ಲ. ಅದನ್ನ ಸೋಪಿನ ನೀರಲ್ಲಿ ಉಜ್ಜಿ ಒರೆಸು, ಸಾಕು."

ಮೆರುಗೆಣ್ಣೆ ಬಳಿದ ತಂಬೂರಿಯೂ ಕುಡಿಯಲಿಲ್ಲ. ಕಂಬಳಿ ಕುಡಿಯಿತು.

"ಹಿಂಡು," ಅಂದರು ಗುರುಗಳು.

ಹಿಂಡಿದ. ನೀರು ಬಂತು.

"ಕುಡೀತು, ಆದರೆ ವಾಪಸ್ ಕೊಟ್ಟಿತು. ಒಗೆದು ಬಿಸಿಲಿಗೆ ಹಾಕು."

ದಿಂಬೂ ಕುಡಿಯಿತು. ಮಾದೇಶ ಎಷ್ಟು ಹಿಂಡಿದರೂ ಹನಿ ಬರಲಿಲ್ಲ. ಒಳಗೆ ಇಟ್ಟುಕೊಂಡು ಸುಮ್ಮನಾಯಿತು.

"ಕುಡಿದು ಕೊಡದೇ ಇರೋದನ್ನ ಕಳಿಸಿಬಿಡು. ಅದರ ಹೊಟ್ಟೇಲಿ ಬೂಷ್ಟು ಮನೆ ಮಾಡಿರುತ್ತೆ."

ಮಾದೇಶ ದಿಂಬನ್ನು ಪಕ್ಕಕ್ಕೆ ಎಸೆದ.

"ಮನುಷ್ಯರನ್ನ ಹೇಗೆ ಪರೀಕ್ಷೆ ಮಾಡೋದು ಬುದ್ಧಿ?"

"ಹಿಂಡಿ ನೋಡ್ಬೇಕಪ್ಪ. ಮೊದಲು ನೀನು ಬಾ."

ಮಾದೇಶ ನಗುತ್ತ ದೂರ ಸರಿದ. ಎಲ್ಲದರ ಮೇಲೂ ನೀರು ಬಿಟ್ಟ. ಗಾದಿಯ ಮೇಲೆ ಮಾತ್ರ ಬಿಡಲಿಲ್ಲ. ಗುರುಗಳೂ ಕೇಳಲಿಲ್ಲ.

ಮಂಟಪದಲ್ಲಿ ಮಲಗಲು ಶುರುಮಾಡಿದ ಮೇಲೆ ಕೆಮ್ಮು ದಿನದಿಂದ ದಿನಕ್ಕೆ ಇಳಿಯಿತು. ಗಾದಿ ದೂರದಲ್ಲಿ, ಕೆಳಗಿನ ಮೆಟ್ಟಿಲ ಮೇಲೆ ಒಣಗುತ್ತಿತ್ತು. ಒಂದು ಬೆಳಗ್ಗೆ ಮಾದೇಶ ಹೊಳೆಯಲ್ಲಿ ಮುಳುಗು ಹಾಕಿ ತಲೆ ಎತ್ತಿದರೆ ಮೇಲಿಂದ ಹಾಡು. ಪಲ್ಲವಿ ಮುಗಿಯಿತು. ಚರಣ ಬಂತು. ಅದೂ ಮುಗಿಯಿತು. ಕೊನೆಯ ಚರಣವನ್ನು ಗುರುಗಳು ಎರಡು ಸಲ ಹಾಡಿದರು, ಬೇಕಂತಲೇ. ಮಾದೇಶ ಕುತ್ತಿಗೆವರೆಗಿನ ನೀರಲ್ಲಿ ನಿಂತು ಅತ್ತ. ಅಷ್ಟು ಖುಷಿ ಅವನಿಗೆ ಶಿಷ್ಯನಾದ ದಿನವೂ ಆಗಿರಲಿಲ್ಲ.

ಒಗೆಯುವ ಕಲ್ಲಿನ ಹತ್ತಿರ ಇದ್ದವರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ಅಲ್ಲಿ ಊರ ಉಸಾಬರಿ ಇರಲಿಲ್ಲ.

ಇಷ್ಟಾದರೂ ಮಾದೇಶನ ಮನಸ್ಸು ಗಾದಿ ಬಿಡಲಿಲ್ಲ. ಬಿಸಿಲಿಗೆ ಹಾಕಿದ, ಕೋಲಲ್ಲಿ ಬಡಿದ, ಬ್ರಷ್ ಹಾಕಿ ಉಜ್ಜಿದ. ಮೇಲಿನ ಬಟ್ಟೆ ಬೆಳ್ಳಗಾಯಿತು.

"ನೋಡಿ ಬುದ್ಧಿ, ಹೊಸದರ ಹಾಗಾಗಿದೆ."

"ಮೇಲೆ ಆಗಿದೆ," ಅಂದರು ಅರಸಯ್ಯನವರು.

ಗಾರೆ ಕೆಲಸ ಮುಗಿಯಿತು. ಗೋಡೆ ಒಣಗಿತು, ಸುಣ್ಣವೂ ಆಯಿತು. ಮಂಟಪಕ್ಕೆ ತುಳಸಮ್ಮನೇ ಬಂದು ಕರೆದರು.

"ನಾಳೆ ಬೆಳಗ್ಗೆ ಬಂದುಬಿಡಿ ಸ್ವಾಮಿಯೋರೆ. ಏನು ಬೇಕಾದರೂ ತನ್ನಿ, ಆ ಬೂಷ್ಟು ಹಿಡಿದದ್ದು ಮಾತ್ರ ಬೇಡ. ಮೊಸರಿಗೆ ಹೆಪ್ಪು ಇದ್ದ ಹಾಗೆ ಅದು. ಚೂರು ಸಾಕು."

ಮಾದೇಶ ತಲೆ ಆಡಿಸಿದ. ಆದರೂ ಆ ಸಂಜೆ, ಗಾದಿಗೆ ಇಬ್ಬನಿ ತಾಗಬಾರದು ಅಂತ ಅದನ್ನು ಎತ್ತಿ ತಂದು ಗುರುಗಳ ತಲೆದೆಸೆಗೆ ಒರಗಿಸಿದ. ಇಷ್ಟು ಒಣಗಿದೆ, ಇನ್ನೇನಾಗುತ್ತೆ ಅಂದುಕೊಂಡ.

ಬೆಳಗ್ಗೆ ಪಲ್ಲವಿ ಅರ್ಧಕ್ಕೇ ಮುರಿಯಿತು. ಗುರುಗಳು ಕಂಬ ಹಿಡಿದುಕೊಂಡು ಕೆಮ್ಮಿದರು.

ಮಾದೇಶ ಓಡಿ ಹೋಗಿ ನೀರು ತಂದ.

"ನಾನೇ ಮಾಡಿದೆ ಬುದ್ಧಿ."

ಅರಸಯ್ಯನವರು ನೀರು ಕುಡಿದು ಸುಧಾರಿಸಿಕೊಂಡರು. ಬೈಯಲಿಲ್ಲ.

"ನೀನೇ ತೀರ್ಮಾನ ಮಾಡಪ್ಪ. ಗಾದಿ ಒಳಗೆ ತರ್ತೀಯಾ, ತಾ. ಮೊದಲಿನ ಹಾಗೇ ಅದರ ಪಕ್ಕ ಚಾಪೆ ಹಾಕ್ಕೋತೀನಿ. ನಿನ್ನ ಮೇಲೆ ನಂಗೇನೂ ಬೇಜಾರಿಲ್ಲ."

ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಮಾದೇಶ ಗಾದಿಯನ್ನು ತಲೆಯ ಮೇಲೆ ಹೊತ್ತು, ಊರವರು ಕಸ ಸುಡುವ ಮರಳು ದಿಣ್ಣೆಯ ಕಡೆ ಹೊರಟ. ಅರ್ಧ ದಾರಿಗೆ ನಿಂತ. ಮತ್ತೆ ನಡೆದ. ದಿಣ್ಣೆಯ ಮೇಲೆ ಅದನ್ನು ಇಳಿಸಿ, ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು ಕೂತುಬಿಟ್ಟ.

ಎಷ್ಟು ಹೊತ್ತಾದರೂ ಹೊಗೆ ಕಾಣದೆ ಅರಸಯ್ಯನವರೇ ಮೆಲ್ಲಗೆ ನಡೆದು ಬಂದರು.

"ಯಾಕಪ್ಪ, ಕಡ್ಡಿ ಒದ್ದೆ ಆಗಿದೆಯಾ?"

"ಕೈ ಬರ್ತಾ ಇಲ್ಲ ಬುದ್ಧಿ." ಮಾದೇಶ ಬೆಂಕಿಪೊಟ್ಟಣವನ್ನು ಮರಳ ಮೇಲಿಟ್ಟ. "ಇದನ್ನ ಒಳಗೆ ತಂದರೆ ನಿಮ್ಮ ಉಸಿರು ಹೋಗುತ್ತೆ, ಅದು ಗೊತ್ತು. ನಂಗೆ ನಿಮ್ಮ ಹಾಡು ಬೇಕು. ಆದರೆ ಸುಡೋದು ಹೇಗೆ? ನಾನು ಕಣ್ಣು ಮುಚ್ಚಿದಾಗೆಲ್ಲ ದೊಡ್ಡಯ್ಯನವರು ಇದರ ಮೇಲೇ ಕೂತಿರ್ತಾರೆ. ಈ ಹತ್ತಿ ಒಳಗೇ ಅವರಿದ್ದಾರೆ ಬುದ್ಧಿ."

ಅರಸಯ್ಯನವರು ಅವನ ಪಕ್ಕ ಮರಳಲ್ಲಿ ಕುಕ್ಕರುಗಾಲಲ್ಲಿ ಕೂತರು. ಗಾದಿಯನ್ನು ಒಂದು ಸಲ ಪ್ರೀತಿಯಿಂದ ತಟ್ಟಿದರು. ಮೂಗಿಗೆ ವಸ್ತ್ರ ಅಡ್ಡ ಹಿಡಿದುಕೊಂಡು, ಹುಬ್ಬು ಗಂಟಿಕ್ಕಿ ಶಿಷ್ಯನ ಕಡೆ ತಿರುಗಿದರು.

"ಒಳಗಿದ್ದರೆ, ಪಾಪ, ಅವರಿಗೂ ಕೆಮ್ಮು ಹತ್ತಿರುತ್ತೆ ಮಾದೇಶ. ಬೇಗ ಹೊಲಿಗೆ ಬಿಚ್ಚು, ಆಚೆ ಬರಲಿ."