ಉಪ್ಪಿಗೊಬ್ಬ ಕಾವಲುಗಾರ

ಹೊಂಗೆಗಿರಿಯ ರಾಜ ಬೊಮ್ಮರಸನಿಗೆ ತನ್ನ ಹೊಸ ಏರ್ಪಾಟಿನ ಬಗ್ಗೆ ಬಲು ಹೆಮ್ಮೆ. ಅರಮನೆಯ ಪ್ರತಿ ಕೆಲಸಗಾರರ ಪಕ್ಕದಲ್ಲೂ ಒಬ್ಬೊಬ್ಬ ಕಾವಲುಗಾರನನ್ನು ನಿಲ್ಲಿಸಿದ್ದ. ಸುಮ್ಮನೆ ನಿಲ್ಲುವುದಲ್ಲ, ಕೆಲಸಗಾರರನ್ನು ಪ್ರಶ್ನೆ ಕೇಳುತ್ತಲೇ ಇರಬೇಕು.

"ನನ್ನ ಅರಮನೆಯಲ್ಲಿ ಇನ್ನು ಒಂದು ತಪ್ಪೂ ಆಗದು!" ಎಂದ ರಾಜ.

ಅಂದೇ ಮಧ್ಯಾಹ್ನ ಸಾರಿಗೆ ಉಪ್ಪು ಜಾಸ್ತಿಯಾಯಿತು. ಮರುದಿನವೂ ಹಾಗೇ. ಮೂರನೆಯ ದಿನ ರಾಜ ಎಲೆಯ ಮುಂದಿನಿಂದ ಎದ್ದೇಬಿಟ್ಟ.

"ಅಡುಗೆಯ ಅಚ್ಚಮ್ಮ ಬೇಕೆಂದೇ ಮಾಡುತ್ತಿದ್ದಾಳೆ. ನಾಳೆ ಊಟದ ಹೊತ್ತಿಗೆ ಅವಳು ಊರು ಬಿಟ್ಟಿರಬೇಕು!"

ಮೂವತ್ತು ವರ್ಷದಿಂದ ಅಲ್ಲೇ ಅಡುಗೆ ಮಾಡಿದವಳು ಅಚ್ಚಮ್ಮ. ಅಳುತ್ತಾ ಆಸ್ಥಾನದ ಜಾಣ ಹೊನ್ನಪ್ಪಯ್ಯನ ಬಳಿಗೆ ಓಡಿಬಂದಳು.

"ಏನು ಮಾಡಲಿ ಅಯ್ಯನವರೇ? ಆ ಕಾವಲುಗಾರ 'ಉಪ್ಪು ಹಾಕಿದೆಯಾ?' ಅಂತಾನೆ. ಹಾಕಿದೆ ಅಂದರೆ 'ನಾನು ನೋಡಲಿಲ್ಲ' ಅಂತಾನೆ. ಅವನು ನೋಡಲಿ ಅಂತ ಇನ್ನೊಮ್ಮೆ ಹಾಕ್ತೀನಿ!"

ಅಂದರೆ ಸಾರು ಕೆಡಿಸಿದ್ದು ಅಚ್ಚಮ್ಮನ ಕೈಯಲ್ಲ, ಅವಳ ಹೆದರಿಕೆ. ಇದು ಹೊನ್ನಪ್ಪಯ್ಯನಿಗೆ ಅರ್ಥವಾಯಿತು.

"ಗಂಟುಮೂಟೆ ಕಟ್ಟಬೇಡಮ್ಮ. ನಾಳೆ ಬೆಳಿಗ್ಗೆ ರಾಜರಿಗೆ ಕ್ಷೌರವಿದೆ" ಎಂದು ನಕ್ಕ.

ಬೆಳಿಗ್ಗೆ ಕ್ಷೌರಿಕ ಹಾಲಪ್ಪ ಕತ್ತಿ ಮಸೆದು ನಿಂತಾಗ, ಹೊನ್ನಪ್ಪಯ್ಯ ಅಡುಗೆಮನೆಯ ಅದೇ ಕಾವಲುಗಾರನನ್ನು ಕರೆತಂದ.

"ಇವನೇಕೆ ಇಲ್ಲಿ?" ಎಂದ ರಾಜ.

"ತಮ್ಮದೇ ಏರ್ಪಾಟು ಪ್ರಭು. ಹಾಲಪ್ಪನೊಬ್ಬ ಬಿಟ್ಟುಹೋಗಿದ್ದ."

ಕ್ಷೌರ ಶುರುವಾಯಿತು.

"ಎಡಗೆನ್ನೆ ಆಯಿತೇನೋ?" ಎಂದ ಕಾವಲುಗಾರ.

"ಆಯಿತು."

"ನಾನು ನೋಡಲಿಲ್ಲ!"

ಹಾಲಪ್ಪ ಬೆಚ್ಚಿ, ಅದೇ ಕೆನ್ನೆಯ ಮೇಲೆ ಇನ್ನೊಮ್ಮೆ ಕತ್ತಿ ಎಳೆದ. ಕತ್ತಿ ಜಾರಿತು. ರಾಜನ ಎಡಮೀಸೆ ಮಡಿಲಿಗೆ ಬಿತ್ತು.

"ಕತ್ತಿನ ಹತ್ತಿರ ಆಯಿತೇ—"

"ಬಾಯಿ ಮುಚ್ಚೋ!" ಎಂದು ರಾಜ ಕಿರುಚಿದ. "ಇಪ್ಪತ್ತು ವರ್ಷದಿಂದ ಇವನು ಒಂದು ಗೀರೂ ಮಾಡಿಲ್ಲ. ನನಗೆ ಇವನ ಮೇಲೆ ನಂಬಿಕೆಯಿದೆ!"

"ಆ ನಂಬಿಕೆ ಬಂದದ್ದು ಹೇಗೆ ಪ್ರಭು?" ಎಂದ ಹೊನ್ನಪ್ಪಯ್ಯ.

"ಹೇಗೆಂದರೆ? ಮೊದಲ ದಿನ ಹೆದರಿಕೊಂಡೇ ಕತ್ತು ಒಡ್ಡಿದೆ. ಏನೂ ಆಗಲಿಲ್ಲ. ಮರುದಿನವೂ ಒಡ್ಡಿದೆ. ಹಾಗೇ ಬಂತು."

"ಅಡುಗೆಮನೆಯಲ್ಲೂ ಇವನು ಹೀಗೇ ಕೇಳಿ ಕೇಳಿ ಎರಡೆರಡು ಸಲ ಉಪ್ಪು ಹಾಕಿಸಿದ. ಕತ್ತನ್ನೇ ನಂಬಿ ಕೊಟ್ಟವರು ಅಚ್ಚಮ್ಮನಿಗೆ ಒಂದು ಚಿಟಿಕೆ ಉಪ್ಪು ನಂಬಿ ಕೊಡಬಾರದೇ ಪ್ರಭು?"

ರಾಜ ಕನ್ನಡಿ ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕ.

"ಅಚ್ಚಮ್ಮ ಇಲ್ಲೇ ಇರಲಿ. ಕಾವಲುಗಾರರೆಲ್ಲ ಕೋಟೆ ಬಾಗಿಲಿಗೆ ಹೋಗಿ ಶತ್ರುಗಳನ್ನು ಪ್ರಶ್ನೆ ಕೇಳಲಿ! ನಿನಗೇನು ಬಹುಮಾನ ಬೇಕು ಹೊನ್ನಪ್ಪಯ್ಯ?"

"ಬಲಮೀಸೆಯನ್ನೂ ತೆಗೆಸಿಬಿಡಿ ಪ್ರಭು. ಹೀಗೇ ಇದ್ದರೆ ಸಭೆಯಲ್ಲಿ ನನಗೆ ನಗು ತಡೆಯಲಾಗದು."

ಹಾಲಪ್ಪ ಮತ್ತೆ ಕತ್ತಿ ಎತ್ತಿದ. ಈ ಸಲ ಯಾರೂ ಏನೂ ಕೇಳಲಿಲ್ಲ.