ಇಲಿಯ ಪಾಲಿನ ಹಿಡಿ

ಹೊಳೆದಂಡೆಯ ಆ ಮಠದಲ್ಲೊಂದು ಪದ್ಧತಿ ಇತ್ತು. ಬೆಳಿಗ್ಗೆ ಬೀಸಲು ಜೋಳ ತೆಗೆದಾಗ ಮೊದಲ ಹಿಡಿ ಕಣಜದ ಹಿಂದಿನ ಇಲಿಬಿಲಕ್ಕೆ.

ಆ ಹಿಡಿ ಹಾಕುವವಳು ಶಿಷ್ಯೆ ಶಿವವ್ವ. ಹಾಕುವಾಗ ಮುಖ ಸಿಂಡರಿಸುತ್ತಿದ್ದಳು. ಅವಳ ಜೀವವೆಲ್ಲ ಹೊಳೆಯ ನಡುವಿನ ಮರಳದಿಬ್ಬದ ಮೇಲಿತ್ತು. ಅಲ್ಲಿ ಕರಿತಲೆ, ಹಳದಿ ಕೊಕ್ಕಿನ ರೀವ ಹಕ್ಕಿಯೊಂದು ಮೂರು ಮೊಟ್ಟೆಗೆ ಕಾವು ಕೂತಿತ್ತು.

ಹಕ್ಕಿ ಎಣಿಸಲು ಬಂದ ಮೇಷ್ಟ್ರೊಬ್ಬರು ಹೇಳಿಹೋಗಿದ್ದರು: ರೀವ ಅಳಿವಿನ ಭಯದ ಪಟ್ಟಿಯಲ್ಲಿದೆ, ಇಡುವುದೇ ಎರಡೋ ಮೂರೋ ಮೊಟ್ಟೆ. ಇಲಿಯ ಚಿಂತೆ ಯಾರಿಗೂ ಬೇಡ, ಒಂದೇ ಸೂಲಿಗೆ ಎಂಟು ಹತ್ತು ಮರಿ.

"ಅಜ್ಜಾರ, ಇವೆರಡರಾಗ ಯಾವುದರ ಜೀವಾ ದೊಡ್ಡದ್ರಿ?" ಎಂದು ಶಿವವ್ವ ಗುರುಗಳನ್ನು ಕೇಳಿದಳು.

ಅಜ್ಜ ನಕ್ಕರು. "ತೂಗಾಕ ತಕ್ಕಡಿ ತಂದೀಯೇನು?"

ಮರುದಿನದಿಂದ ಇಲಿಯ ಹಿಡಿ ನಿಂತಿತು. ಶಿವವ್ವ ಮೊಣಕಾಲುದ್ದದ ನೀರು ದಾಟಿ, ಆ ಜೋಳವನ್ನು ಹಕ್ಕಿಯ ಸುತ್ತ ಹಾಕಿ ಬಂದಳು. ಬಾಣಂತಿಯಾದವಳು ಎದ್ದುಹೋಗಿ ಮೀನು ಹಿಡಿದು ತಿನ್ನಬೇಕೇ ಎಂಬುದು ಅವಳ ಸಂಕಟ.

ರೀವ ಜೋಳವನ್ನು ಮೂಸಿಯೂ ನೋಡಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಹಕ್ಕಿ ದಿಬ್ಬದ ಮೇಲೆ ಕಿರುಚುತ್ತ ಸುತ್ತುತ್ತಿತ್ತು. ಮರಳ ತುಂಬ ಇಲಿಯ ಹೆಜ್ಜೆ. ಎರಡು ಮೊಟ್ಟೆಯ ಚಿಪ್ಪಷ್ಟೇ ಇತ್ತು, ಒಂದು ಉಳಿದಿತ್ತು.

ಶಿವವ್ವ ಓಡಿಬಂದು ಗುರುಗಳ ಮುಂದೆ ಕುಸಿದಳು. "ನನ್ನ ಕೈಯಾರ ಕೊಂದೆನ್ರಿ ಅಜ್ಜಾರ. ನಾ ಹಾಕಿದ ಜ್ವಾಳದ ವಾಸನಿ ಹಿಡದು ಇಲಿ ಈಜಿ ಹೋಗ್ಯಾವ."

"ಹಸದಿದ್ದವು," ಅಂದರು ಅಜ್ಜ. ಬೈಯಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು ಅಳು ನಿಲ್ಲುವವರೆಗೆ ಕಾದರು. "ಏಳು, ಬಿಸಿಲು ಏರೂದ್ರಾಗ ಹೋಗಿ ಬರೂನು."

ಎಂಬತ್ತರ ಅಜ್ಜ ಹೊಳೆ ದಾಟಿ, ಮರಳಲ್ಲಿ ಮಂಡಿಯೂರಿ, ಒಂದೊಂದೇ ಕಾಳು ಆರಿಸತೊಡಗಿದರು. ಶಿವವ್ವನೂ ಆರಿಸಿ ಉಡಿಗೆ ಹಾಕಿಕೊಂಡಳು. ಇಬ್ಬರೂ ದಂಡೆ ಸೇರುವಷ್ಟರಲ್ಲಿ ಹಕ್ಕಿ ಇಳಿದು, ಉಳಿದ ಒಂದರ ಮೇಲೆ ಕೂತಿತು.

ಮಠಕ್ಕೆ ಬಂದೊಡನೆ ಶಿವವ್ವ ಆ ಕಾಳನ್ನೆಲ್ಲ ಬಿಲದ ಬಾಯಿಗೆ ಸುರಿದಳು. ಕಣಜದಿಂದ ಮತ್ತೊಂದು ಹಿಡಿ ತಂದು ಸೇರಿಸಿದಳು. ಈ ಸಲ ಮುಖ ಸಿಂಡರಿಸಲಿಲ್ಲ. ಆದರೂ ಮನಸ್ಸು ತಡೆಯದೆ ಹೊಳೆಯ ಕಡೆ ನೋಡಿದಳು.

"ಅಜ್ಜಾರ, ಆ ತಾಯಿಗೆ ನಾ ಏನೂ ಕೊಡಬಾರದೇನ್ರಿ?"

ಅಜ್ಜ ಬಿಲದ ಬಾಯಿಯ ಕಾಳನ್ನೂ ಅವಳ ಖಾಲಿ ಅಂಗೈಯನ್ನೂ ನೋಡಿದರು.

"ಈಗ ಕೊಟ್ಟೀಯಲ್ಲವ್ವಾ."