ಅರ್ಧ ಬಾಲದ ಗುಳಿ

ಒಂದು ಕಾಡಿನಲ್ಲಿ ಚಿಪ್ಪಣ್ಣ ಎಂಬ ಚಿಪ್ಪುಹಂದಿ ಇದ್ದ. ಇದ್ದ ಅನ್ನುವುದಕ್ಕಿಂತ ಬಂದಿದ್ದ ಅನ್ನಬೇಕು. ಒಂದೇ ಕಡೆ ನಿಲ್ಲುವ ಆಸಾಮಿಯಲ್ಲ ಅವನು. ಆದರೆ ಬೇಲಿಗೂಟಕ್ಕೆ ಗುಳಿ ತೋಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತೋಡಿದ ಗುಳಿಗೆ ತನ್ನ ಬಾಲ ಇಳಿಬಿಟ್ಟು ನೋಡುತ್ತಿದ್ದ. ಬಾಲ ಪೂರ್ತಿ ಇಳಿದರೆ ಗೂಟ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ. ಅಷ್ಟೇ ಅವನ ವಿದ್ಯೆ.

ಆ ಕಾಡಿನ ಮೊಲಗಳು ಗೆಣಸು ಹಾಕಿದ್ದವು. ಬೇಸಿಗೆ ಪೂರ್ತಿ ಅವುಗಳಿಗೆ ಅದೇ ಊಟ. ಕಾಡುಹಂದಿಗಳು ನುಗ್ಗಿದರೆ ಒಂದು ಗೆಡ್ಡೆಯೂ ಉಳಿಯುವುದಿಲ್ಲ. ಅದಕ್ಕೇ ಬೇಲಿ ಹಾಕಿಸಲು ನರಿಯನ್ನು ಮೇಸ್ತ್ರಿ ಮಾಡಿದವು. ನರಿ ಚಿಪ್ಪಣ್ಣನನ್ನು ಕರೆತಂದ. ಹೊಲದಂಚಿನ ಗೆದ್ದಲ ಹುತ್ತವೇ ಅವನ ಕೂಲಿ ಎಂದು ಮಾತಾಯಿತು. ನಾಲ್ಕು ದಿನದಿಂದ ಉಪವಾಸವಿದ್ದ ಚಿಪ್ಪಣ್ಣನ ನಾಲಿಗೆ ಅಲ್ಲೇ ಹೊರಗೆ ಬಂತು.

ಮೊದಲ ಗುಳಿ ಅರ್ಧ ಬಾಲದಷ್ಟಾಗುತ್ತಲೇ ನರಿ ತಡೆದ.

“ಸಾಕು ಬಿಡೋ ಚಿಪ್ಪಣ್ಣ.”

“ಇನ್ನೂ ಅರ್ಧ ಬಾಲ ಇದೆ ಮೇಸ್ತ್ರಿ.”

“ಮೇಲೆ ಎಷ್ಟಿದೆ ಅಂತ ನೋಡ್ತಾರೆ. ಕೆಳಗೆ ಇಣುಕೋರು ಯಾರು? ಗೂಟದ ಬುಡ ಕಡಿದು ನಾನಿಟ್ಕೊಳ್ತೀನಿ. ನನಗೂ ಒಂದು ಗುಡಿಸಲು ಬೇಡ್ವಾ?”

“ಮಳೆ ಬಿದ್ರೆ ನಿಲ್ಲಲ್ಲ.”

“ಹಾಗಾದ್ರೆ ನೀನು ಹೊರಡು. ಕರಡಿ ಈ ಕೆಲಸ ಕೇಳ್ತಾನೇ ಇದ್ದಾನೆ. ಹುತ್ತ ಅವನೇ ತಿನ್ಲಿ.”

ಚಿಪ್ಪಣ್ಣ ಹುತ್ತದ ಕಡೆ ನೋಡಿದ. ಬಾಲ ಮಡಚಿಕೊಂಡ. ಉಳಿದ ಗುಳಿಗಳನ್ನೆಲ್ಲ ಅರ್ಧ ಬಾಲಕ್ಕೇ ತೋಡಿ, ಗೂಟ ನಿಲ್ಲಿಸಿ, ಬುಡಕ್ಕೆ ಮಣ್ಣು ಏರಿಸಿ, ನೀರು ಚಿಮುಕಿಸಿ ಗುದ್ದಿದ. ಬಿಸಿಲಿಗೆ ಮಣ್ಣು ಕಲ್ಲಿನಂತಾಯಿತು. ಗೂಟದಿಂದ ಗೂಟಕ್ಕೆ ಬಳ್ಳಿ ಬಿಗಿದು ಮುಳ್ಳು ಹೆಣೆದರು.

ಬೇಲಿ ನೋಡಲು ಮೊಲದಜ್ಜಿ ಮಕ್ಕಳು ಮರಿಗಳ ಸಮೇತ ಬಂದಳು.

“ಗಟ್ಟಿ ಇದೆಯಾ ಮೇಸ್ತ್ರಿ?”

“ನೀವೇ ನೂಕಿ ನೋಡಿ ಅಜ್ಜಿ! ಎಲ್ಲಾ ಸೇರಿ ನೂಕಿ!”

ಹತ್ತು ಮೊಲಗಳು ಭುಜ ಕೊಟ್ಟು ನೂಕಿದವು. ಜಪ್ಪಯ್ಯ ಅಂದರೂ ಗೂಟ ಅಲುಗಲಿಲ್ಲ. ಮರಿಗಳು ಕೇಕೆ ಹಾಕಿದವು. ಆದರೆ ಬೇಲಿ ನೂಕಲು ಬರುವುದು ಮೊಲಗಳಲ್ಲ, ಕಾಡುಹಂದಿಗಳು ಎಂಬುದು ಚಿಪ್ಪಣ್ಣನಿಗೆ ಗೊತ್ತಿತ್ತು. ಬಾಯಿ ತೆರೆದ. ನರಿ ಕೆಮ್ಮಿದ. ಚಿಪ್ಪಣ್ಣ ಬಾಯಿ ಮುಚ್ಚಿದ.

ಅಜ್ಜಿ ಅವನ ಕಡೆಗೇ ತಿರುಗಿದಳು. “ಗುಳಿ ತೋಡಿದೋನು ನೀನು. ನೀನೇನಂತೀಯಪ್ಪ?”

“ಗಟ್ಟಿ ಇದೆ ಅಜ್ಜಿ.”

“ನೀನಂದ್ರೆ ಆಯ್ತು ಬಿಡು.”

ನರಿ ಕಡಿದ ಬುಡಗಳನ್ನೆಲ್ಲ ಹೊಲದೊಳಗೆ ಬೇಲಿಗೇ ಒರಗಿಸಿ ಗುಡಿಸಲು ಕಟ್ಟಿದ. ಒಳಗೆ ಕಾಲು ಚಾಚಿ ಮಲಗಿದ.

ಮೂರನೆಯ ದಿನ ಬೆಳಗ್ಗೆ ಜೋರು ಮಳೆ ಬಿತ್ತು. ಮಳೆ ನಿಂತದ್ದೇ ತಡ, ಕಾಡುಹಂದಿಗಳು ಬಂದವು. ಮೊದಲನೆಯದು ಮೂತಿ ತಾಗಿಸಿದ್ದಷ್ಟೇ. ಒಂದು ಗೂಟ ವಾಲಿತು. ಅದು ಬಳ್ಳಿ ಜಗ್ಗಿ ಪಕ್ಕದ್ದನ್ನು ಎಳೆಯಿತು. ಸಾಲಿಗೆ ಸಾಲೇ ಮುಳ್ಳಿನ ಸಮೇತ ಗುಡಿಸಲ ಮೇಲೆ ಬಿತ್ತು. ಅದರ ಮೇಲೆ ಹಿಂಡು ನಡೆಯಿತು.

“ಅಯ್ಯಯ್ಯೋ, ನಾನು ಮೇಸ್ತ್ರಿ ಕಣ್ರೋ! ಮೇಸ್ತ್ರಿ!” ಎಂದು ನರಿ ಕೂಗುತ್ತಲೇ ಇದ್ದ. ಹಂದಿಗಳಿಗೆ ಮೇಸ್ತ್ರಿ ಗೊತ್ತಿಲ್ಲ. ಅವನ ಹಿಂಗಾಲು ಎರಡೂ ಮುರಿದವು. ಮತ್ತೆಂದೂ ಅವನು ಓಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಲದಲ್ಲಿ ಒಂದು ಗೆಣಸೂ ಇರಲಿಲ್ಲ. ಮೊಲದಜ್ಜಿ ಬಿದ್ದ ಗೂಟದ ಬುಡ ನೋಡಿದಳು. ಕಡಿದ ಗಾಯ ಇನ್ನೂ ಹಸಿಯಾಗಿತ್ತು. ಖಾಲಿ ಗುಳಿಗೆ ಕೈ ಇಳಿಸಿ ನೋಡಿದಳು.

“ನರಿಯನ್ನ ನಾವೇನೂ ನಂಬಿರಲಿಲ್ಲ,” ಅಂದಳು ಚಿಪ್ಪಣ್ಣನಿಗೆ. “ಅದಕ್ಕೇ ನಿನ್ನನ್ನ ಕೇಳಿದ್ದು.”

“ಹಸಿದಿದ್ದೆ ಅಜ್ಜಿ.”

“ಇನ್ನು ನಾವು ಹಸೀತೀವಿ. ಮಿಕ್ಕ ಹುತ್ತ ಅಲ್ಲಿದೆ, ಹೋಗಿ ತಿನ್ನು. ಕೊಡ್ತೀವಿ ಅಂದಿದ್ವಲ್ಲ.”

ಮರಿಗಳನ್ನು ಮುಂದೆ ಬಿಟ್ಟುಕೊಂಡು ಮೊಲಗಳು ಕಾಡು ಬಿಟ್ಟು ಹೊರಟವು. ಒಂದೂ ತಿರುಗಿ ನೋಡಲಿಲ್ಲ. ಚಿಪ್ಪಣ್ಣ ಹುತ್ತ ಅಗೆದ. ತಿಂದ. ಕೊನೆಯ ಮೊಲ ಕಣ್ಮರೆಯಾಗುವವರೆಗೂ ತಲೆ ಎತ್ತದೆ ತಿಂದ.

ನೀತಿ: ಕೆಲಸ ಬಲ್ಲವನು ಗೊತ್ತಿದ್ದೂ ಸುಳ್ಳು ಹೇಳಿದರೆ ಮೋಸಗಾರನಿಗಿಂತ ಹೆಚ್ಚು ಕೆಡುಕು ಮಾಡುತ್ತಾನೆ.